ಯಾವ ಪುಟಕ್ಕ ಬಂದಿ?

ನಾನು ಧಾರವಾಡದ ಕರ್ನಾಟಕ ಕಾಲೇಜಿಗೆ ಬಿ.ಎ. ಓದಲು ಬಂದದ್ದು 1993ರಲ್ಲಿ. ನನ್ನೂರು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿ. ಅಣ್ಣಿಗೇರಿ ಅಂದರೆ ಆದಿಕವಿ ಪಂಪನ ಊರು ಅಂತ ನಮಗೆಲ್ಲ ಹೆಮ್ಮೆ. ಆದರೆ ನಮ್ಮ ಮನೆಯಲ್ಲಿ ಪುಸ್ತಕ ಅಂತ ಇದ್ದದ್ದು ಒಂದು ಪಂಚಾಂಗ, ಬಿಟ್ಟರೆ ನನ್ನ ಸಾಲಿ ಪುಸ್ತಕಗಳು. ಓದುವುದು ಪರೀಕ್ಷೆಗೆ ಅಂತಲೇ ತಿಳಿದಿದ್ದೆ. ಓದುತ್ತಿರುವ ಪುಸ್ತಕದ ಬಗ್ಗೆ ಇನ್ನೊಬ್ಬರ ಹತ್ತಿರ ಕೂತು ಮಾತಾಡಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಅದನ್ನು ಕಲಿಸಿದವರು ಗ್ರಂಥಾಲಯದ ಕೌಂಟರಿನಲ್ಲಿ ತಾರೀಖಿನ ಶಿಕ್ಕಾ ಹೊಡೆಯುತ್ತಿದ್ದ ಕಾಕಾ. ಪುಸ್ತಕ ವಾಪಸು ಕೊಡಲು ಹೋದರೆ ಬೇರೆಯವರು "ಹೆಂಗಿತ್ತು?" ಅಂತ ಕೇಳುತ್ತಾರೆ. ಇವರು ಹಾಗೆ ಕೇಳುತ್ತಿರಲಿಲ್ಲ. ಪುಸ್ತಕ ಇನ್ನೂ ನಮ್ಮ ಹತ್ತಿರ ಇರುವಾಗಲೇ, ವರಾಂಡದಲ್ಲಿ ಸಿಕ್ಕರೆ ಸಾಕು, "ಯಾವ ಪುಟಕ್ಕ ಬಂದಿ?" ಅನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಗಾಬರಿಯಾಗಿ "ಅರವತ್ತು" ಅಂದೆ. ನಿಜವಾಗಿ ಹನ್ನೆರಡನೇ ಪುಟದಲ್ಲಿದ್ದೆ. ಕಾಕಾ ಆ ಪುಸ್ತಕ ಓದಿದ್ದರು. "ಹಂಗಾರ ಮುದುಕಿ ಊರು ಬಿಟ್ಲೇನು?" ಅಂದರು. ನನಗೆ ಯಾವ ಮುದುಕಿ ಅಂತ ಕೂಡ ತಿಳಿಯಲಿಲ್ಲ. ಅವರು ಬೈಯಲಿಲ್ಲ. "ಹನ್ನೆರಡಾದ್ರ ಹನ್ನೆರಡು ಅನ್ನು. ಅಲ್ಲಿಂದನ ಮಾತಾಡೋಣು" ಅಂದರು. ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಅರವತ್ತು ದಾಟಿಸಿದೆ. ಮುದುಕಿ ಊರು ಬಿಟ್ಟಳು. ಬೆಳಗ್ಗೆ ಓಡಿ ಹೋಗಿ ಕಾಕಾನಿಗೆ ಹೇಳಿದೆ.

ಆ ವರ್ಷವೇ ನಾವು ಐದು ಜನ ಒಟ್ಟಾದೆವು. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಹಳೆಯ ಕಟ್ಟಡದ ಹಿಂದಿನ ಮರದ ಕೆಳಗೆ ಕೂಡುತ್ತಿದ್ದೆವು. ಆ ಕಲ್ಲಿನ ಕಟ್ಟಡ ಕಾಲೇಜಿಗೆ ಬರುವ ಮೊದಲು ರೈಲ್ವೆ ಕಚೇರಿಯಾಗಿತ್ತು ಅಂತ ಈಗಿನ ಹುಡುಗರಿಗೆ ಗೊತ್ತಿದೆಯೋ ಇಲ್ಲವೋ. ಒಂದು ಇನ್ನೂರು ಪುಟದ ವಹಿ ತಂದೆವು. ಪ್ರತಿ ಶನಿವಾರ ಅದರಲ್ಲಿ ಮೂರೇ ವಿಷಯ ಬರೆಯುವುದು: ಹೆಸರು, ಪುಸ್ತಕ, ಪುಟ. ಕಾಕಾನ ಪ್ರಶ್ನೆಯಿಂದಲೇ ನಮ್ಮ ನಿಯಮವೂ ಹುಟ್ಟಿತು. ಮುಗಿಸಿದ ಪುಸ್ತಕದ ಮಾತು ಬೇಡ, ಈಗ ಕೈಯಲ್ಲಿ ಏನಿದೆಯೋ ಅದನ್ನು ಮಾತ್ರ ಹೇಳಬೇಕು.

ಈ ನಿಯಮ ಯಾಕೆ ಅಂತ ಎಷ್ಟೋ ಜನ ಕೇಳಿದ್ದಾರೆ. ಪುಸ್ತಕ ಮುಗಿಸಿದವನು ತೀರ್ಪು ಕೊಡುತ್ತಾನೆ. ಚೊಲೋ ಇದೆ, ಚೊಲೋ ಇಲ್ಲ, ಮುಗಿಯಿತು. ಅರ್ಧಕ್ಕೆ ಬಂದವನ ಹತ್ತಿರ ತೀರ್ಪು ಇರುವುದಿಲ್ಲ. ಅವನ ಹತ್ತಿರ ಸಂಶಯ ಇರುತ್ತದೆ, ಸಿಟ್ಟು ಇರುತ್ತದೆ, ಈ ಮನುಷ್ಯ ಮುಂದೆ ಏನು ಮಾಡ್ತಾನೋ ಅನ್ನೋ ಕಳವಳ ಇರುತ್ತದೆ. ಅವನ ಮಾತು ಕೇಳಲು ಜಾಸ್ತಿ ಚೆಂದ. ಕೇಳುವವರೂ ಅವನ ಜೊತೆ ಅದೇ ಪುಟದಲ್ಲಿ ನಿಂತಂತೆ ಆಗುತ್ತದೆ. ಇದನ್ನು ನಾನು ಇವತ್ತಿಗೂ ಗಟ್ಟಿಯಾಗಿ ನಂಬಿದ್ದೇನೆ.

ಗದಗಿನಿಂದ ಬಂದ ಗೆಳೆಯನೊಬ್ಬನಿದ್ದ. ವಹಿಯಲ್ಲಿ ಅವನ ಹೆಸರಿನ ಮುಂದೆ ಸುಮಾರು ಒಂದು ವರ್ಷ ಒಂದೇ ಪುಸ್ತಕ ಇತ್ತು, ಗದುಗಿನ ಭಾರತ. ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ಪುಟದ ಜಾಗದಲ್ಲಿ ಅವನು ಪರ್ವದ ಹೆಸರು ಬರೆಯುತ್ತಿದ್ದ. ಆದಿ, ಸಭಾ, ಅರಣ್ಯ ಅಂತ ವಾರ ವಾರ ಮುಂದೆ ಸರಿಯುತ್ತಿತ್ತು. ಉದ್ಯೋಗ ಪರ್ವಕ್ಕೆ ಬಂದಾಗ ಎರಡು ತಿಂಗಳು ಅಲ್ಲೇ ನಿಂತ. "ಕರ್ಣನ್ನ ಬಿಟ್ಟು ಮುಂದಕ್ಕ ಹೋಗಾಕ ಮನಸ್ಸಾಗವಲ್ದು" ಅಂದ. ಅವರ ಅಜ್ಜ ರಾತ್ರಿ ಊಟ ಆದ ಮೇಲೆ ಕಟ್ಟೆ ಮೇಲೆ ಕೂತು ಭಾರತ ಓದುತ್ತಿದ್ದರಂತೆ. ಓಣಿಯವರೆಲ್ಲ ಬಂದು ಕೇಳುತ್ತಿದ್ದರಂತೆ. ಒಬ್ಬರು ಓದುವುದು, ಹತ್ತು ಜನ ಕೇಳುವುದು, ನಾಳೆ ಮುಂದಿನದು. ನಾವು ಹೊಸದಾಗಿ ಏನೋ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಗದಗಿನ ಓಣಿಗಳಲ್ಲಿ ಅದು ಮೊದಲೇ ಇತ್ತು. ಅವನು ಭಾಮಿನಿ ಷಟ್ಪದಿಯನ್ನು ರಾಗವಾಗಿ ಹೇಳಿದರೆ ಆಚೆ ಕ್ರಿಕೆಟ್ ಆಡುತ್ತಿದ್ದವರೂ ಬಂದು ನಿಲ್ಲುತ್ತಿದ್ದರು. ಒಮ್ಮೆ ಅವನ ಜೊತೆ ಗದಗಿಗೆ ಹೋಗಿ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ ನೋಡಿ ಬಂದೆವು. ಕವಿ ಅಲ್ಲೇ ಒರಗಿ ಕೂತು ಬರೆದ ಅಂತ ಹೇಳುತ್ತಾರೆ. ಗೆಳೆಯ ಕಂಬಕ್ಕೆ ಕೈ ಇಟ್ಟು ಸುಮ್ನೆ ನಿಂತಿದ್ದ.

ಹಾವೇರಿ ಕಡೆಯ ಗೆಳತಿ ಗಳಗನಾಥರ ಕಾದಂಬರಿಗಳನ್ನು ಹುಡುಕಿ ಹುಡುಕಿ ಓದುತ್ತಿದ್ದಳು. ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಅವಳು ಆ ಕಥೆ ಹೇಳಿದ ದಿನ ಯಾರೂ ತಮ್ಮ ಪುಸ್ತಕದ ಮಾತು ಎತ್ತಲಿಲ್ಲ.

ನಮ್ಮ ಇಂಗ್ಲಿಷ್ ಸರ್ ಒಮ್ಮೆ ಬಂದು ನಮ್ಮ ಜೊತೆ ನೆಲದ ಮೇಲೆ ಕೂತರು. ವಹಿ ತಿರುವಿ ನೋಡಿದರು. 1922ರಲ್ಲಿ ಇದೇ ಧಾರವಾಡದಲ್ಲಿ ಬೇಂದ್ರೆಯವರು ಗೆಳೆಯರ ಗುಂಪು ಕಟ್ಟಿದ್ದು, ಶಂ.ಬಾ. ಜೋಶಿ, ಗೋಕಾಕ, ಮುಗಳಿ ಅದರಲ್ಲಿದ್ದದ್ದು, ಎಲ್ಲ ಹೇಳಿದರು. ಗೋಕಾಕರು ನಮ್ಮ ಕಾಲೇಜಿನಲ್ಲೇ ಓದಿ ಮುಂದೆ ಇಲ್ಲೇ ಪ್ರಾಂಶುಪಾಲರಾದವರು. ಅವರಿಗೆ ಜ್ಞಾನಪೀಠ ಬಂದು ಇನ್ನೂ ಜಾಸ್ತಿ ವರ್ಷ ಆಗಿರಲಿಲ್ಲ. ಸರ್ ಹೋಗುವಾಗ ವಹಿಯಲ್ಲಿ ತಮ್ಮ ಹೆಸರು, ಪುಸ್ತಕ, ಪುಟ ಬರೆದು ಹೋದರು. ಪುಟ 31. ಮೇಷ್ಟ್ರು ಕೂಡ ನಮ್ಮ ಹಾಗೆ ಒಂದೊಂದೇ ಪುಟ ಓದುತ್ತಾರೆ ಅಂತ ನನಗೆ ಅವತ್ತು ಗೊತ್ತಾಯಿತು.

ಇಷ್ಟೆಲ್ಲ ಹೇಳಿ ನಾನು ಹೇಳಲೇಬೇಕಾದದ್ದು ಗ್ರಾಮಾಯಣದ ಸುದ್ದಿ. ರಾವಬಹಾದ್ದೂರರು ಬರೆದ ಈ ಕಾದಂಬರಿ 1957ರಲ್ಲಿ ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದದ್ದು. ನಮ್ಮ ಕಡೆಯ ಒಂದು ಹಳ್ಳಿಯ ಕಥೆ. ನನ್ನ ಹಾಸ್ಟೆಲ್ ಕೋಣೆಯ ಜೊತೆಗಾರ ಹುಬ್ಬಳ್ಳಿಯವನು. ಅವನ ಮನೆಯಲ್ಲಿ ಒಂದು ಹಳೆಯ ಪ್ರತಿ ಇತ್ತು. ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿದ್ದರು. ಅವನು ಶನಿವಾರ ಮೊದಲ ಮೂವತ್ತು ಪುಟದ ಮಾತು ಹೇಳಿದ. ನನಗೆ ತಡೆಯಲು ಆಗಲಿಲ್ಲ. ಅವನು ಮುಗಿಸುವ ತನಕ ಕಾಯುವುದು ಹೇಗೆ? ಕೊನೆಗೆ ಒಂದೇ ಪ್ರತಿಯನ್ನು ಇಬ್ಬರೂ ಓದತೊಡಗಿದೆವು. ಹಗಲು ಅವನದು, ರಾತ್ರಿ ನನ್ನದು. ಅವನ ಗುರುತು ಹುಬ್ಬಳ್ಳಿ ಬಸ್ಸಿನ ಗುಲಾಬಿ ಟಿಕೀಟು. ನನ್ನ ಗುರುತು ಒಣಗಿದ ಅರಳಿ ಎಲೆ. ಮೊದಮೊದಲು ಟಿಕೀಟು ಎಷ್ಟೋ ಮುಂದೆ ಇರುತ್ತಿತ್ತು. ರಾತ್ರಿ ಪುಸ್ತಕ ತೆಗೆದರೆ ಮೊದಲು ನೋಡುತ್ತಿದ್ದದ್ದು ಟಿಕೀಟು ಇವತ್ತು ಎಷ್ಟು ಮುಂದೆ ಹೋಗಿದೆ ಅಂತ. ಊರಲ್ಲಿ ಪ್ಲೇಗು ಬರುವ ಭಾಗ ಓದುವಾಗ ಬೆಳಗಿನ ಜಾವ ಮೂರು ಗಂಟೆಗೆ ಅವನನ್ನು ಎಬ್ಬಿಸಿದ್ದೆ. ಅವನು ಕಣ್ಣು ತೆರೆಯದೆ "ಅಲ್ಲಿಗೆ ಬಂದೀ?" ಅಂದ. ಆಮೇಲೆ ಇಬ್ಬರೂ ನಿದ್ದೆ ಮಾಡಲಿಲ್ಲ.

ಜುಲೈ ತಿಂಗಳು. ಧಾರವಾಡದ ಮಳೆ ನಿಮಗೆ ಗೊತ್ತಲ್ವಾ, ಹಗಲೂ ರಾತ್ರಿ ಜಿಟಿಜಿಟಿ. ಒಂದು ದಿನ ಪುಸ್ತಕವನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಸುಭಾಸ್ ರಸ್ತೆಗೆ ಹೋಗಿದ್ದೆ. ಬರುವಾಗ ಬಸ್ಸು ತುಂಬಿತ್ತು, ಬಾಗಿಲಲ್ಲೇ ನಿಂತೆ. ಇಳಿದು ನೋಡಿದರೆ ಚೀಲದಿಂದ ನೀರು ಸೋರುತ್ತಿತ್ತು. ಕ್ಯಾಲೆಂಡರಿನ ಹೊದಿಕೆ ಕಿತ್ತು ಬಂದಿತ್ತು. ಟಿಕೀಟಿನ ಬಣ್ಣ ಬಿಟ್ಟು ಎರಡು ಪುಟಕ್ಕೂ ಗುಲಾಬಿ ಕಲೆ ಹತ್ತಿತ್ತು. ಕೋಣೆಗೆ ಬಂದು ಏನೂ ಮಾತಾಡದೆ ಪುಸ್ತಕವನ್ನು ಅವನ ಮುಂದೆ ಇಟ್ಟೆ. ನನ್ನ ಗಂಟಲು ಕಟ್ಟಿತ್ತು. ಅದು ಅವನ ತಾಯಿಯ ಪುಸ್ತಕ. ಅವನು ಒಂದು ನಿಮಿಷ ನೋಡಿದ. ಮೆಸ್ಸಿಗೆ ಹೋಗಿ ಹಳೆಯ ದಿನಪತ್ರಿಕೆಗಳ ಕಟ್ಟು ತಂದ. ಇಬ್ಬರೂ ನೆಲದ ಮೇಲೆ ಕೂತು ಪ್ರತಿ ಎರಡು ಹಾಳೆಗೆ ಒಂದು ಪತ್ರಿಕೆ ತುಂಡು ಇಟ್ಟೆವು. ಫ್ಯಾನ್ ಕೆಳಗೆ ಇಡೀ ರಾತ್ರಿ, ತುಂಡು ಒದ್ದೆಯಾದ ಹಾಗೆ ಬದಲಾಯಿಸಿದೆವು. ಬದಲಾಯಿಸುವಾಗ ಮುಂದಿನ ಪುಟಗಳ ಸಾಲು ಕಣ್ಣಿಗೆ ಬೀಳುತ್ತಿದ್ದವು. ಅವನು ನನ್ನ ಕಣ್ಣಿನ ಮುಂದೆ ಕೈ ಅಡ್ಡ ಹಿಡಿಯುತ್ತಿದ್ದ. "ನೀ ಇನ್ನೂ ಇಲ್ಲಿಗೆ ಬಂದಿಲ್ಲ, ನೋಡಬ್ಯಾಡ" ಅಂದ. ಅವತ್ತಿನಷ್ಟು ಸಮಾಧಾನ ಕೊಟ್ಟ ಮಾತು ನನಗೆ ಬೇರೆ ನೆನಪಿಲ್ಲ. ಮೂರು ದಿನಕ್ಕೆ ಒಣಗಿತು. ಹಾಳೆಗಳು ಹಪ್ಪಳದ ಹಾಗೆ ಸುರುಟಿಕೊಂಡಿದ್ದವು. ಆ ಶನಿವಾರ ವಹಿಯಲ್ಲಿ ಇಬ್ಬರೂ ಒಂದೇ ಪುಟದ ನಂಬರು ಬರೆದೆವು.

1996ರಲ್ಲಿ ಎಲ್ಲರೂ ಚದುರಿದೆವು. ವಹಿ ಗದಗಿನ ಗೆಳೆಯನ ಹತ್ತಿರ ಇದೆ. ಕಾಕಾ ಈಗಿಲ್ಲ. ಐವರೂ ಈಗ ಶನಿವಾರ ಫೋನಿನಲ್ಲಿ ಪುಸ್ತಕ ಮತ್ತು ಪುಟ ಕಳಿಸುತ್ತೇವೆ. ಕೆಲವು ವಾರ ಯಾರದ್ದೂ ಪುಟ ಮುಂದೆ ಹೋಗಿರುವುದಿಲ್ಲ. ಮನೆ, ಕೆಲಸ, ಆಸ್ಪತ್ರೆ, ಎಲ್ಲ ಇರುತ್ತದೆ. ಆದರೂ ಅದೇ ನಂಬರನ್ನು ಮತ್ತೆ ಕಳಿಸುತ್ತೇವೆ.

ಹೋದ ತಿಂಗಳು ಹುಬ್ಬಳ್ಳಿಗೆ ಹೋದಾಗ ಕೋಣೆಯ ಗೆಳೆಯನ ಮನೆಗೆ ಹೋಗಿದ್ದೆ. ಚಹಾ ಕುಡಿಯುವಾಗ ಟೀಪಾಯಿ ಮೇಲೆ ಆ ಗ್ರಾಮಾಯಣ ಕಂಡಿತು. ಅದೇ ಸುರುಟಿದ ಹಾಳೆಗಳು. ಒಳಗೆ ಒಂದು ಹೊಸ ಗುರುತು, ಪೆನ್ಸಿಲ್ಲಿನಲ್ಲಿ ನವಿಲು ಬರೆದ ಕಾಗದದ ಪಟ್ಟಿ. ಕಾಲೇಜಿಗೆ ಹೋಗುವ ಅವನ ಮಗಳು ಓದುತ್ತಿದ್ದಾಳೆ. "ಯಾವ ಪುಟಕ್ಕ ಬಂದೀವಾ?" ಅಂದೆ.

"ನೂರಾ ಹದಿನೆಂಟು. ಈ ಗುಲಾಬಿ ಕಲಿ ಇರೋ ಪುಟಕ್ಕ ಇನ್ನೂ ಹೋಗಿಲ್ಲ. ಅಲ್ಲಿ ಏನಾಗತೈತಿ ಹೇಳಬ್ಯಾಡ್ರಿ ಕಾಕಾ" ಅಂದಳು.

ನಾನು ಹೇಳಲಿಲ್ಲ.