ಬ್ರೇಕ್ ಇಲ್ಲದ ಇಳಿಜಾರು

ಋಷಿಕೇಶದ ಹತ್ತಿರ ಕಾಲಿಗೆ ರಬ್ಬರ್ ಹಗ್ಗ ಕಟ್ಟಿಕೊಂಡು ಎತ್ತರದಿಂದ ಬಂಜಿ ಹಾರಿ ಬಂದೆ ಅಂದರೆ ನಮ್ಮ ತೀರ್ಥಹಳ್ಳಿಯವರು ಮೊದಲು ಕೇಳುವುದು, "ನಿಮಗೆ ವಯಸ್ಸೆಷ್ಟು ಮಾರಾಯ್ರೆ?" ಅರವತ್ತಾರು. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ ಮಿನಿ ಬಸ್ಸಿನ ಡ್ರೈವರ್ ಆಗಿದ್ದೆ. ಈಗ ಮನೆಯಲ್ಲಿದ್ದೇನೆ.

ಬಂಜಿ ನಡೆಸುವವರು ವಯಸ್ಸನ್ನು ಸುಮ್ನೆ ಫಾರಂನಲ್ಲಿ ಬರೆದುಕೊಂಡರು, ಅಷ್ಟೇ. ಬಿಡಿಸಿ ಬಿಡಿಸಿ ಕೇಳಿದ್ದು ಬೇರೆ. ಬಿ.ಪಿ. ಇದೆಯಾ? ಹಾರ್ಟಿನ ತೊಂದರೆ? ಬೆನ್ನಿಗೆ, ಕುತ್ತಿಗೆಗೆ ಪೆಟ್ಟು ಬಿದ್ದಿತ್ತಾ? ಫಿಟ್ಸ್ ಬರುತ್ತದಾ? ಕಣ್ಣು ಹೇಗಿದೆ? ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಡ್ರೈವಿಂಗ್ ಲೈಸೆನ್ಸ್‌ಗೂ ಇಷ್ಟು ಕೇಳಿದ್ದರೆ ರಸ್ತೆ ಸ್ವಲ್ಪ ಖಾಲಿ ಇರುತ್ತಿತ್ತೇನೋ.

ನಾನು ಹೊರಡುವ ಮೊದಲೇ ಶಿವಮೊಗ್ಗಕ್ಕೆ ಹೋಗಿ ಎಲ್ಲ ತೋರಿಸಿಕೊಂಡು ಬಂದಿದ್ದೆ. ಜೊತೆಗೆ ನಮ್ಮ ಬಸ್ಸಿನ ಹಳೇ ಕಂಡಕ್ಟರ್. ಯಾತ್ರೆಗೆ ಒಟ್ಟಿಗೆ ಹೊರಟವರು, ಹಾರುವುದೂ ಒಟ್ಟಿಗೇ ಅಂತ ಮಾತಾಗಿತ್ತು. ಆದರೆ ಅವನಿಗೆ ಗ್ಲಾಕೋಮಾ. ಕಣ್ಣಿನ ಡಾಕ್ಟರು ಬೇಡವೇ ಬೇಡ ಎಂದರು. ತಲೆಕೆಳಗಾಗಿ ಜೋತಾಡುವಾಗ ರಕ್ತ ತಲೆಗೆ ನುಗ್ಗುತ್ತದೆ, ಕಣ್ಣಿನೊಳಗೆ ಒತ್ತಡ ಏರುತ್ತದೆ. ಗಟ್ಟಿಮುಟ್ಟಾದ ಹುಡುಗರಿಗೇ ಹಾರಿದ ಮೇಲೆ ರೆಟಿನಾದಲ್ಲಿ ರಕ್ತ ಒಸರಿದ್ದು ಉಂಟಂತೆ. ನಮ್ಮ ವಯಸ್ಸಿನವರು ಹಾರ್ಟು ಹಾರ್ಟು ಅಂತ ಹೆದರುತ್ತೇವೆ. ಕಣ್ಣಿನ ನೆನಪೇ ಬರುವುದಿಲ್ಲ. ಹಾರುವ ಆಸೆ ಇರುವವರು ಮೊದಲು ಕಣ್ಣು ತೋರಿಸಿ.

ಜಾಗದ ಹೆಸರು ಮೋಹನ್ ಚಟ್ಟಿ. ಋಷಿಕೇಶದಿಂದ ಗುಡ್ಡದ ದಾರಿ. ನನ್ನ ಷಡ್ಡಕನ ಮಗ ಜೀಪಿನಲ್ಲಿ ಮೊಬೈಲ್ ನೋಡಿ ಓದುತ್ತಾ ಬಂದ. ವನುವಾಟು ದೇಶದ ಪೆಂಟೆಕೋಸ್ಟ್ ದ್ವೀಪದಲ್ಲಿ ಗೆಡ್ಡೆ ಬೆಳೆ ಕೈಗೆ ಬರುವ ಹೊತ್ತಿಗೆ ಗಂಡಸರು ಕಾಲಿಗೆ ಕಾಡುಬಳ್ಳಿ ಕಟ್ಟಿಕೊಂಡು ಮರದ ಅಟ್ಟಣೆಯಿಂದ ನೆಲಕ್ಕೆ ಹಾರುತ್ತಾರಂತೆ. ಅದನ್ನು ಕೇಳಿ ಇಂಗ್ಲೆಂಡಿನ ಕೆಲವು ಹುಡುಗರು 1979ರ ಏಪ್ರಿಲ್ 1ರಂದು ಬ್ರಿಸ್ಟಲ್‌ನ ತೂಗುಸೇತುವೆಯಿಂದ ರಬ್ಬರ್ ಹಗ್ಗ ಕಟ್ಟಿಕೊಂಡು ಹಾರಿದರು. ದಿನ ಸರಿಯಾಗಿಯೇ ಆರಿಸಿದ್ದಾರೆ. ಇದನ್ನು ವ್ಯಾಪಾರ ಮಾಡಿದ್ದು ನ್ಯೂಜಿಲೆಂಡಿನ ಎ.ಜೆ. ಹ್ಯಾಕೆಟ್, 1988ರಲ್ಲಿ, 43 ಮೀಟರ್ ಎತ್ತರದ ಸೇತುವೆಯಲ್ಲಿ. ದಕ್ಷಿಣ ಆಫ್ರಿಕಾದ ಮೋರ್ ಕೀಟ್ ಎಂಬ ಅಜ್ಜ 2010ರಲ್ಲಿ 216 ಮೀಟರ್ ಎತ್ತರದಿಂದ ಹಾರಿದಾಗ ಅವರಿಗೆ 96 ವರ್ಷ. ಅದನ್ನು ಕೇಳಿದ ಮೇಲೆ ನನ್ನ ಹೆಂಡತಿ ವಯಸ್ಸಿನ ಮಾತು ಬಿಟ್ಟಳು. "ಗಂಗೆಯಲ್ಲಿ ಮುಳುಗಿ ಅಂತ ಕರ್ಕೊಂಡು ಬಂದರೆ, ಇವರು ಗಾಳಿಯಲ್ಲಿ ಮುಳುಗೋಕೆ ಹೊರಟಿದ್ದಾರೆ" ಅಂತ ಮಾತ್ರ ಹೇಳಿದಳು.

ಮೋಹನ್ ಚಟ್ಟಿಯಲ್ಲಿ ಎತ್ತರ 83 ಮೀಟರ್. ಜೋಗದ ರಾಜಾ 253 ಮೀಟರ್, ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಜೋಗದ ನೆತ್ತಿಯಿಂದ ಬಗ್ಗಿ ನೋಡಿದವನಿಗೆ ಇದೇನು ಮಹಾ ಅಂದುಕೊಂಡು ಮುಂದೆ ಹೋದೆ. ತುದಿಯಲ್ಲಿ ನಿಂತಾಗ ಆ ಲೆಕ್ಕ ಯಾವ ಉಪಯೋಗಕ್ಕೂ ಬರಲಿಲ್ಲ.

ನನಗೆ ಕಷ್ಟವಾಗಿದ್ದು ಎತ್ತರ ಅಲ್ಲ. ಘಾಟಿ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಕೂರುವವನು ಡ್ರೈವರ್ ಅಲ್ಲ. ಲೈನರ್ ಕಾದು ಹಿಡಿತ ಬಿಡುತ್ತದೆ. ಸಣ್ಣ ಗೇರಿಗೆ ಹಾಕಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಮಾಡಬೇಕು. ಆಗುಂಬೆಯ 14 ತಿರುವಿನಲ್ಲೂ ಅದೇ ಲೆಕ್ಕ. ಆದರೂ ಬ್ರೇಕ್ ನನ್ನ ಕಾಲ ಕೆಳಗೇ ಇರುತ್ತಿತ್ತು. ಇಲ್ಲಿ ನನ್ನ ಎರಡೂ ಕಾಲು ಸೇರಿಸಿ ಕಟ್ಟಿದ್ದಾನೆ ಒಬ್ಬ ಹುಡುಗ, ನನ್ನ ಮಗನಿಗಿಂತ ಚಿಕ್ಕವನು. ಅವನ ಗಂಟಿನ ಮೇಲೆ ನಾನು. ಅವನು ಕಟ್ಟಿದ, ಇನ್ನೊಬ್ಬ ಎಳೆದು ನೋಡಿದ. ಸೊಂಟಕ್ಕೂ ಬೇರೆ ಪಟ್ಟಿ. ನಾನು ಹಗ್ಗದ ಬಗ್ಗೆ ಕೇಳಿದ್ದಕ್ಕೆ ಅವನು ಬೇಜಾರಿಲ್ಲದೆ ವಿವರಿಸಿದ. ಲ್ಯಾಟೆಕ್ಸ್ ಎಳೆಗಳ ದೊಡ್ಡ ಕಟ್ಟು ಅದು, ನಮ್ಮ ಕಡೆ ಗುಡ್ಡದಲ್ಲಿ ರಬ್ಬರ್ ಮರಕ್ಕೆ ಗೀರಿ ಹಿಡಿಯುತ್ತಾರಲ್ವಾ, ಅದೇ ಹಾಲು. ಹಾರುವವನ ತೂಕ ನೋಡಿ ಹಗ್ಗ ಆರಿಸುತ್ತಾರೆ. ಅದು ಗಕ್ಕನೆ ನಿಲ್ಲಿಸುವುದಿಲ್ಲ, ಹಿಗ್ಗುತ್ತಾ ಹಿಗ್ಗುತ್ತಾ ವೇಗ ತಿನ್ನುತ್ತದೆ. ಇಂಜಿನ್ ಬ್ರೇಕಿನ ಹಾಗೇ ಅಂತ ಗೊತ್ತಾದಾಗ ಸ್ವಲ್ಪ ಧೈರ್ಯ ಬಂತು.

ಹುಡುಗ "ತ್ರೀ, ಟೂ, ವನ್" ಎಂದ. ನಾನು ಅಲುಗಲಿಲ್ಲ. ಅವನು ಇನ್ನೊಮ್ಮೆ ಎಣಿಸಲು ಶುರು ಮಾಡುವಷ್ಟರಲ್ಲಿ ನೋಡುವವರ ಅಟ್ಟಣೆಯಿಂದ ಕಂಡಕ್ಟರ್ ಗಂಟಲು ಹರಿಯುವಂತೆ ಕೂಗಿದ: "ರೈಟ್, ರೈಟ್!"

ಹೊರಟೆ.

ಬೀಳುವುದು ಬೇಗ ಮುಗಿಯುತ್ತದೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ, ಕಟ್ಟಿದ ಕಾಲಿನಲ್ಲೇ ಬ್ರೇಕ್ ಒತ್ತಿದ್ದು ಮಾತ್ರ ಗೊತ್ತು. ಹಗ್ಗ ಹಿಡಿದಾಗ ಪೆಟ್ಟೇನೂ ಆಗಲಿಲ್ಲ. ನನ್ನ ಪ್ರಕಾರ ಜಾಸ್ತಿ ಕಷ್ಟ ಅದಾದ ಮೇಲಿನದು. ಮತ್ತೆ ಮೇಲಕ್ಕೆ ಚಿಮ್ಮುತ್ತೀರಿ, ಒಂದು ಕ್ಷಣ ಹಗ್ಗ ಸಡಿಲ, ಎತ್ತ ಮೇಲೆ ಎತ್ತ ಕೆಳಗೆ ತಿಳಿಯುವುದಿಲ್ಲ, ಹೊಟ್ಟೆ ಬಾಯಿಗೆ ಬರುತ್ತದೆ. ಹೀಗೇ ಕೆಲವು ಸಲ. ಆಮೇಲೆ ತಲೆಕೆಳಗಾಗಿ ತೂಗುತ್ತಾ ಇರುವುದು. ಮುಖವೆಲ್ಲ ಊದಿಕೊಂಡ ಹಾಗೆ, ಕಿವಿಯಲ್ಲಿ ಗುಂಯ್ ಸದ್ದು. ಡಾಕ್ಟರು ಕಂಡಕ್ಟರಿಗೆ ಯಾಕೆ ಬೇಡ ಎಂದರು ಅಂತ ಅಲ್ಲಿ ಅರ್ಥವಾಯಿತು. ನಿಧಾನಕ್ಕೆ ಇಳಿಸಿದರು, ಕೆಳಗಿದ್ದವರು ಕೋಲು ಚಾಚಿದರು, ಹಿಡಿದುಕೊಂಡೆ, ಚಾಪೆಯ ಮೇಲೆ ಮಲಗಿಸಿ ಕಾಲು ಬಿಚ್ಚಿದರು.

ಮಂಡಿ ನೋವಿನವರಿಗೆ ಒಂದು ಮಾತು. ಹೊಳೆ ದಡದಿಂದ ಮೇಲಕ್ಕೆ ನಡೆದೇ ಹತ್ತಬೇಕು. ಹಾರಿದ್ದಕ್ಕಿಂತ ಅದೇ ನನಗೆ ಸುಸ್ತು ಮಾಡಿತು. ಷಡ್ಡಕನ ಮಗ ನನಗಿಂತ ಮೊದಲು ಹಾರಿದ್ದ, ದಾರಿಯಲ್ಲಿ ಒಂದು ಬಂಡೆಯ ಮೇಲೆ ತಲೆ ಹಿಡಿದು ಕೂತಿದ್ದ. ನೀರು ಕುಡಿಸಿ ಕರೆದುಕೊಂಡು ಬಂದೆ.

ಜೋಗದಲ್ಲೂ ಇದನ್ನು ಮಾಡಬೇಕು ಅಂತ ಹುಡುಗರು ಹೇಳುತ್ತಾರೆ. ನನಗೆ ಬೇಡ ಅನಿಸುತ್ತದೆ. ಜೋಗ ನೋಡುವುದಕ್ಕೆ ಇರುವುದು.

ವಿಡಿಯೋಗೆ ಬೇರೆ ದುಡ್ಡು. ಕೊಟ್ಟು ತಗೊಂಡೆ, ಇಲ್ಲದಿದ್ದರೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಯಾರು ನಂಬುತ್ತಾರೆ? ಈಗ ನನ್ನ ರೂಟಿನಲ್ಲಿ ಓಡಿಸುವ ಹುಡುಗ ಅದನ್ನು ಎರಡು ಸಲ ನೋಡಿದ. "ಅಣ್ಣ, ಇಳಿಯುವಾಗ ಯಾವ ಗೇರಲ್ಲಿದ್ರಿ?" ಅಂತ ಕೇಳಿದ.

ನ್ಯೂಟ್ರಲ್ ಅಂದೆ.