ಬಾಟಲಿ ತುಂಬಿತ್ತು, ರೇಡಿಯೇಟರ್ ಬರಿದಾಗಿತ್ತು

ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಗ್ಯಾರೇಜೊಂದರಲ್ಲಿ ನಾನು ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಹಳೆಯ ಕಾರುಗಳಲ್ಲಿ ಹೆಚ್ಚಿನವು ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಗಳವು. ಏರು ರಸ್ತೆಗಳಲ್ಲಿ ಎರಡನೇ ಗೇರಿನಲ್ಲಿ ದುಡಿಯುವಂಥವು. ಇಂಥ ಗಾಡಿಗಳ ಎಂಜಿನ್ ಕೆಡುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣವೆಂದರೆ ಯಾರ ಗಮನಕ್ಕೂ ಬಾರದಂತೆ ದಿನಕ್ಕಿಷ್ಟು ಸೋರಿಹೋಗುವ ಕೂಲೆಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ. ಅದು ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತುವಂತೆ ಸೆನ್ಸರ್ ಅಳವಡಿಸಿಕೊಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಆರಂಭದಲ್ಲಿ ನಾನು ಮಾಡಿದ ತಪ್ಪೊಂದು ಒಬ್ಬ ಹಿರಿಯರ ಎಂಜಿನ್ನನ್ನೇ ಕೆಡಿಸಿತು. ಅದನ್ನು ವಿವರವಾಗಿ ಬರೆಯಬೇಕೆನಿಸಿದೆ.

ತೀರ್ಥಹಳ್ಳಿ ಸಮೀಪದ ನಿವೃತ್ತ ಮೇಷ್ಟ್ರೊಬ್ಬರ ಕಾರು ಅದು, 1990ರ ದಶಕದ ಸಣ್ಣ ಪೆಟ್ರೋಲ್ ಗಾಡಿ. ರೇಡಿಯೇಟರಿನ ಪಕ್ಕದಲ್ಲಿರುವ ಪ್ಲಾಸ್ಟಿಕ್ ರಿಸರ್ವ್ ಬಾಟಲಿಗೆ ತೂತು ಕೊರೆದು, ಫ್ಲೋಟ್ ಸೆನ್ಸರ್ ಒಂದನ್ನು ಕೂರಿಸಿದೆ. ತೇಲುವ ಬಿರಡೆಯೊಳಗೆ ಅಯಸ್ಕಾಂತವಿರುತ್ತದೆ, ನಡುವಿನ ಕಡ್ಡಿಯೊಳಗೆ ಅಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್ ಇರುತ್ತದೆ. ಮಟ್ಟ ಇಳಿದಾಗ ಸ್ವಿಚ್ಚಿನ ಸ್ಥಿತಿ ಬದಲಾಗಿ ದೀಪ ಹೊತ್ತುತ್ತದೆ. ಆ ಬಾಟಲಿಯಲ್ಲಿ ಒತ್ತಡವಿಲ್ಲದ ಕಾರಣ ಸೋರುವ ಭಯವಿಲ್ಲ, ಕೆಲಸವೂ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಬಾಟಲಿ ಬರಿದು ಮಾಡಿ ತೋರಿಸಿದೆ, ದೀಪ ಹೊತ್ತಿತು, ಮೇಷ್ಟ್ರು ಸಮಾಧಾನದಿಂದ ಹೋದರು.

ಮೂರು ತಿಂಗಳ ನಂತರ ಅದೇ ಕಾರನ್ನು ಎಳೆದು ತಂದರು. ಮಣಿಪಾಲದಿಂದ ಮರಳುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಅರ್ಧ ಏರುವಷ್ಟರಲ್ಲಿ ಎಂಜಿನ್ ಬಡಿಯತೊಡಗಿ ನಿಂತುಹೋಗಿತ್ತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿದಾಗ, ಅದರ ಕೆಳಗೆ ಸಂದು ಮುಚ್ಚುವ ಗ್ಯಾಸ್ಕೆಟ್ ಎರಡು ಸಿಲಿಂಡರುಗಳ ನಡುವೆ ಕರಕಲಾಗಿತ್ತು. ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ನಡುವೆ ಬೆಳಕು ಕಾಣುವಷ್ಟು ಬಾಗಿತ್ತು. "ಲೈಟು ಹತ್ಲೇ ಇಲ್ವಲ್ಲ ಮಾರಾಯ, ಮೀಟರಿನ ಮುಳ್ಳು ಮೇಲೆ ಹೋಗಿದ್ದು ತಾನಾಗೇ ಕೆಳಗೆ ಇಳೀತು, ತಣ್ಣಗಾಯ್ತು ಅಂದ್ಕೊಂಡೆ" ಎಂದರು ಮೇಷ್ಟ್ರು. ನಾನು ಬಾಟಲಿ ನೋಡಿದೆ. ಕೂಲೆಂಟ್ ಮೇಲಿನ ಗೆರೆಯನ್ನು ಮುಟ್ಟಿಕೊಂಡೇ ಇತ್ತು. ರೇಡಿಯೇಟರ್ ಕ್ಯಾಪ್ ತೆಗೆದರೆ ಒಳಗೆ ಕಣ್ಣಿಗೆ ಕಾಣುವಷ್ಟು ಆಳದಲ್ಲಿ ಒಂದು ಹನಿಯೂ ಇರಲಿಲ್ಲ.

ಹೀಗಾದದ್ದು ಹೇಗೆಂದು ಹುಡುಕಲು ಅರ್ಧ ದಿನ ಹಿಡಿಯಿತು. ರೇಡಿಯೇಟರ್ ಕ್ಯಾಪಿನಲ್ಲಿ ಎರಡು ವಾಲ್ವುಗಳಿರುತ್ತವೆ. ಕೂಲೆಂಟ್ ಕಾದು ಹಿಗ್ಗಿ, ಒತ್ತಡವು ಕ್ಯಾಪಿನ ಮಿತಿಯನ್ನು, ಅಂದರೆ ಸಾಮಾನ್ಯವಾಗಿ 0.9 ಬಾರ್ ಆಸುಪಾಸನ್ನು ದಾಟಿದಾಗ ಒಂದು ವಾಲ್ವು ತೆರೆದು ಹೆಚ್ಚಾದದ್ದನ್ನು ಬಾಟಲಿಗೆ ಕಳುಹಿಸುತ್ತದೆ. ಎಂಜಿನ್ ತಣಿದು ಒಳಗೆ ನಿರ್ವಾತ ಉಂಟಾದಾಗ ಇನ್ನೊಂದು ವಾಲ್ವು ತೆರೆದು ಬಾಟಲಿಯಿಂದ ಮರಳಿ ಎಳೆದುಕೊಳ್ಳುತ್ತದೆ. ಈ ಕಾರಿನಲ್ಲಿ ವಾಟರ್ ಪಂಪಿನ ಸೀಲಿನಿಂದ ಕೂಲೆಂಟ್ ಜಿನುಗುತ್ತಿತ್ತು. ಆ ನಷ್ಟವನ್ನು ಬಾಟಲಿ ತುಂಬಿಕೊಡಬೇಕಿತ್ತು. ಆದರೆ ರೇಡಿಯೇಟರ್ ಕುತ್ತಿಗೆಯಿಂದ ಬಾಟಲಿಗೆ ಹೋಗುವ ಸಣ್ಣ ರಬ್ಬರ್ ಟ್ಯೂಬು ಬುಡದಲ್ಲಿ ಕೂದಲೆಳೆಯಷ್ಟು ಸೀಳಿದ್ದರಿಂದ, ತಣಿಯುವಾಗಲೆಲ್ಲ ಅದು ಕೂಲೆಂಟಿನ ಬದಲು ಗಾಳಿಯನ್ನು ಎಳೆದುಕೊಂಡಿತ್ತು. ಬಾಟಲಿ ತುಂಬಿಯೇ ಉಳಿಯಿತು, ರೇಡಿಯೇಟರ್ ದಿನದಿನಕ್ಕೂ ಬರಿದಾಯಿತು. ನನ್ನ ಸೆನ್ಸರ್ ಸುಳ್ಳು ಹೇಳಲಿಲ್ಲ. ಅದನ್ನು ನಾನು ನಿಲ್ಲಿಸಿದ ಜಾಗವೇ ತಪ್ಪಾಗಿತ್ತು.

ಮುಳ್ಳು ಕೆಳಗಿಳಿದದ್ದಕ್ಕೂ ಇದೇ ಕಾರಣ. ತಾಪಮಾನದ ಸೆನ್ಸರ್ ತನ್ನನ್ನು ಸುತ್ತುವರಿದ ದ್ರವದ ಬಿಸಿಯನ್ನು ಅಳೆಯುತ್ತದೆ. ದ್ರವವೇ ಇಳಿದುಹೋಗಿ ಅದರ ತುದಿ ಗಾಳಿಯಲ್ಲಿ ಉಳಿದರೆ, ಪಕ್ಕದ ಲೋಹ ಸುಡುತ್ತಿದ್ದರೂ ಮುಳ್ಳು ಕೆಳಗೆ ಬರಬಹುದು. ಏರು ಹತ್ತುತ್ತಿರುವ ಗಾಡಿಯ ಮುಳ್ಳು ಕಾರಣವಿಲ್ಲದೆ ಇಳಿದರೆ ಕೂಡಲೇ ಬದಿಗೆ ನಿಲ್ಲಿಸಿ ಎಂದು ಅಂದಿನಿಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದೇನೆ.

ಬಾಗಿದ ಹೆಡ್ಡನ್ನು ಫೇಸಿಂಗ್ ಮಾಡಿಸಿ, ಅಂದರೆ ಉಜ್ಜಿ ಸಮ ಮಾಡಿಸಿ, ಪಂಪು, ಟ್ಯೂಬು ಎರಡನ್ನೂ ಬದಲಿಸಿದ ಮೇಲೆ ಸೆನ್ಸರನ್ನು ಹೊಸದಾಗಿ ಯೋಚಿಸಿದೆ. ಆ ಕಾರಿನದು ಹಿತ್ತಾಳೆಯ ರೇಡಿಯೇಟರ್ ಆದ್ದರಿಂದ ಮೇಲಿನ ಟ್ಯಾಂಕಿಗೆ ಒಂದು ಹಿತ್ತಾಳೆ ಬುಷ್ (ಗಿಡ್ಡ ಕೊಳವೆ) ಬೆಸುಗೆ ಹಾಕಿಸಲು ಸಾಧ್ಯವಾಯಿತು. ಅದರೊಳಗೆ ವಿದ್ಯುತ್ ಹರಿಯಗೊಡದ ಟೆಫ್ಲಾನ್ ಹೊದಿಕೆಯ ಸ್ಟೀಲ್ ಕಡ್ಡಿ; ಹೊದಿಕೆಯಿಲ್ಲದ ಅದರ ತುದಿ ಒಳಗಿನ ಟ್ಯೂಬುಗಳ ಬಾಯಿಗಿಂತ ಒಂದು ಬೆರಳು ಮೇಲೆ. ಕೂಲೆಂಟ್ ತುದಿಯನ್ನು ಮುಟ್ಟಿರುವವರೆಗೆ ಅದರ ಮೂಲಕ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ, ಬಿಟ್ಟೊಡನೆ ಅದು ನಿಂತು ದೀಪ ಹೊತ್ತುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರಾದರೆ ಬೆಸುಗೆ ಆಗದು. ಮೇಲಿನ ಹೋಸ್ ಪೈಪನ್ನು ಕತ್ತರಿಸಿ, ಅತಿ ಎತ್ತರದ ಜಾಗದಲ್ಲಿ ಲೋಹದ ಜೋಡಣೆಯೊಂದನ್ನು ಸೇರಿಸಿ, ಅದಕ್ಕೆ ಪ್ರತ್ಯೇಕ ಅರ್ತ್ ವೈರ್, ಅಂದರೆ ಗಾಡಿಯ ಲೋಹದ ಮೈಗೆ ಜೋಡಿಸುವ ವೈರ್ ಕೊಡಬೇಕು. ಎರಡೂ ಕಡೆ ರಬ್ಬರ್ ಇರುವುದರಿಂದ ಅದಕ್ಕೆ ತಾನಾಗಿ ಅರ್ತ್ ಸಿಗುವುದಿಲ್ಲ.

ಮೊದಲು ಕಡ್ಡಿಗೆ ನೇರ ಡಿಸಿ ಕೊಟ್ಟಿದ್ದೆ. ಕೆಲವೇ ತಿಂಗಳಲ್ಲಿ ಬಿಚ್ಚಿ ನೋಡಿದಾಗ ತುದಿಯ ಮೇಲೆ ಕಂದು ಬಣ್ಣದ ಒರಟು ಪದರ ಕಟ್ಟಿ, ಉಗುರಿನಿಂದ ಕೆರೆದರೂ ಬರುತ್ತಿರಲಿಲ್ಲ. ಒಂದೇ ದಿಕ್ಕಿನ ವಿದ್ಯುತ್ ದ್ರವದಲ್ಲಿ ಹರಿದರೆ ವಿದ್ಯುದ್ವಿಭಜನೆ ನಡೆಯುತ್ತಲೇ ಇರುತ್ತದೆ. ಈಗ ದಿಕ್ಕು ಬದಲಿಸುತ್ತಾ ಹರಿಯುವ ಸಂಕೇತ ಕೊಡುವ ಸರ್ಕ್ಯೂಟನ್ನೇ ಹಾಕುತ್ತೇನೆ. ಘಾಟಿಯ ತಿರುವುಗಳಲ್ಲಿ ಕೂಲೆಂಟ್ ಒಂದು ಬದಿಗೆ ವಾಲಿ ದೀಪ ಮಿನುಗದಂತೆ ಸುಮಾರು 10 ಸೆಕೆಂಡು ತಡೆಯುವ ವ್ಯವಸ್ಥೆಯೂ ಅದರಲ್ಲಿದೆ. ಸುಮ್ಮಸುಮ್ಮನೆ ಹೊತ್ತುವ ದೀಪವನ್ನು ಜನ ಎರಡನೇ ವಾರದಿಂದ ನೋಡುವುದಿಲ್ಲ.

ಕಡ್ಡಿಯ ವೈರ್ ತುಂಡಾದರೆ ವಿದ್ಯುತ್ ನಿಂತು ದೀಪ ಹೊತ್ತುತ್ತದೆ, ಅದು ಒಳ್ಳೆಯದೇ. ಆದರೆ ವೈರಿನ ಸಿಪ್ಪೆ ಸವೆದು ಗಾಡಿಯ ಲೋಹದ ಮೈಗೆ ತಾಗಿದರೆ ರೇಡಿಯೇಟರ್ ತುಂಬಿದೆ ಎಂದೇ ಸರ್ಕ್ಯೂಟ್ ತಿಳಿಯುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯ ಬಾನೆಟ್ಟಿನೊಳಗೆ ಇಲಿ ಸೇರಿ ವೈರ್ ಕಡಿಯುವುದು ನಮ್ಮ ಕಡೆ ಸಾಮಾನ್ಯವಾದ್ದರಿಂದ ಆ ವೈರನ್ನು ಗಟ್ಟಿ ಸ್ಲೀವಿನೊಳಗೇ ಎಳೆಯುತ್ತೇನೆ. ಕೀ ತಿರುಗಿಸಿದಾಗ ಎರಡು ಸೆಕೆಂಡು ದೀಪ ತಾನಾಗಿ ಹೊತ್ತಿ ಆರುವಂತೆಯೂ ಮಾಡಿರುತ್ತೇನೆ. ಅಷ್ಟೂ ಹೊತ್ತದಿದ್ದರೆ ಬಲ್ಬ್ ಹೋಗಿದೆ ಎಂದರ್ಥ.

ಗಾಡಿ ಕೊಡುವ ಮೊದಲು, ಎಂಜಿನ್ ಪೂರ್ತಿ ತಣ್ಣಗಿರುವಾಗ, ರೇಡಿಯೇಟರಿನ ಕ್ಯಾಪ್ ತೆಗೆದು, ಕೆಳಗಿನ ಕಾಕ್ ತೆರೆದು ಕೂಲೆಂಟನ್ನು ಅಳತೆಯ ಜಾಡಿಗೆ ಬಿಡುತ್ತೇನೆ. ಮೇಷ್ಟ್ರ ಕಾರಿನಲ್ಲಿ 600 ಮಿಲಿ ಇಳಿದಾಗ ದೀಪ ಹೊತ್ತಿತು. ಬಾಟಲಿ ಆಗಲೂ ಮೇಲಿನ ಗೆರೆಯವರೆಗೆ ತುಂಬಿತ್ತು. ಮೇಷ್ಟ್ರು ಬಗ್ಗಿ ಅದನ್ನೊಮ್ಮೆ, ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನೊಮ್ಮೆ ನೋಡಿ, ಜಾಡಿಯಲ್ಲಿದ್ದ ಕೂಲೆಂಟನ್ನು ತಾವೇ ರೇಡಿಯೇಟರಿಗೆ ಮರಳಿ ಸುರಿದರು.