ಬಾಣದ ಗುರುತಿಲ್ಲದ ದ್ವೀಪ

ಆಬ್ಲಿವಿಯನ್, ಸ್ಕೈರಿಮ್ ಎಂಬ ವಿಡಿಯೊ ಗೇಮ್ ಎರಡನ್ನೂ ಮನಸಾರೆ ಆಡಿದ ಮೇಲೆ, ಕಳೆದ ಭಾನುವಾರ ಮತ್ತೆ ಅದೇ ಸರಣಿಯ ಮಾರೋವಿಂಡ್ ಹಾಕಿಕೊಂಡೆ. ಅವೆರಡಕ್ಕಿಂತ ಮುಂಚೆ, 2002ರಲ್ಲಿ ಬೆಥೆಸ್ಡಾ ಕಂಪನಿಯವರು ತಂದ ಆಟ. ಕಾಲೇಜಿನ ದಿನಗಳಲ್ಲಿ ಆಡಿದ್ದು, ಆಮೇಲೆ ಮುಟ್ಟಿರಲಿಲ್ಲ.

ಆಟದಲ್ಲಿ ನೀವೊಬ್ಬ ಕೈದಿ. ಹಡಗಿನಿಂದ ಒಂದು ದ್ವೀಪದ ಸೇಯ್ಡಾ ನೀನ್ ಅನ್ನೋ ಪುಟ್ಟ ಊರಲ್ಲಿ ಇಳಿಸಿ, ವಿವರ ಬರೆದುಕೊಂಡು, ಕೈಗೊಂದು ಪೊಟ್ಟಣ ಕೊಟ್ಟು ಬಿಟ್ಟುಬಿಡುತ್ತಾರೆ. ಬಾಲ್ಮೋರಾ ಎಂಬ ಊರಲ್ಲಿರುವ ಕೈಯಸ್ ಕೊಸೇಡಿಸ್ ಎಂಬವನಿಗೆ ಅದನ್ನು ತಲುಪಿಸಬೇಕು. ಸಿಲ್ಟ್ ಸ್ಟ್ರೈಡರ್ ಎಂಬ ದೈತ್ಯ ಕೀಟದ ಬೆನ್ನೇರಿ, ದುಡ್ಡು ಕೊಟ್ಟು ಹೋಗಬಹುದು. ನಾನು ನಡೆದೇ ಹೊರಟೆ. ಊರಾಚೆ ಒಬ್ಬ ಮಂತ್ರವಾದಿ ಕಿರುಚಿಕೊಂಡು ಆಕಾಶದಿಂದ ಬಂದು ಬಿದ್ದು ಸತ್ತ. ಅವನ ಹತ್ತಿರವಿದ್ದ ಮಂತ್ರದ ಸುರುಳಿ ಓದಿ ಜಿಗಿದರೆ ಅರ್ಧ ದ್ವೀಪವೇ ದಾಟಬಹುದು. ಇಳಿಯುವಾಗ ಬದುಕುವುದು ಹೇಗೆ? ಅದು ನಿಮಗೇ ಬಿಟ್ಟದ್ದು. ಆಡುವವರ ಮೇಲೆ ಇಷ್ಟು ನಂಬಿಕೆ ಇಟ್ಟ ಆಟ ಈಗ ಅಪರೂಪ.

ಸ್ಕೈರಿಮ್‌ನಲ್ಲಿ ಎಲ್ಲಿಗೆ ಹೋಗಬೇಕೆಂದು ಪರದೆಯ ಮೇಲೆ ಬಾಣವೇ ತೋರಿಸುತ್ತದೆ. ಇಲ್ಲಿ ಬಾಯಿಮಾತಿನ ದಾರಿ. ಹಳ್ಳಿ ಕಡೆ ಹೇಳ್ತಾರಲ್ಲ, ಆಲದ ಮರ ದಾಟಿ ಎಡಕ್ಕೆ ತಿರುಗಿ ಅಂತ, ಥೇಟ್ ಹಾಗೆ. ಆರ್ಕಂಗ್ತಾಂಡ್ ಎಂಬ ಪಾಳುಬಿದ್ದ ಜಾಗದಿಂದ ಒಂದು ಪೆಟ್ಟಿಗೆ ತರಬೇಕಿತ್ತು. ಬಾಲ್ಮೋರಾದಿಂದ ದಕ್ಷಿಣಕ್ಕೆ ಹೋಗಿ ಹೊಳೆ ದಾಟಬೇಕು. ಮೂನ್‌ಮೋತ್ ಕೋಟೆ ಹಾದು, ಕಣಿವೆಯ ಮೇಲಿನ ಹಳೇ ಸೇತುವೆ ಹಿಡಿಯಬೇಕು. ಡೈರಿ ತೆರೆದು ಓದೋದು, ಕೈಕಂಬ ನೋಡೋದು, ಮತ್ತೆ ನಡೆಯೋದು. ಕೊನೆಗೆ ಸೇತುವೆಯಾಚೆಯ ಗುಡ್ಡದಲ್ಲಿ ಒಂದು ಕೊಳವೆ, ಅದಕ್ಕೊಂದು ಹಿಡಿಕೆ. ತಿರುಗಿಸಿದೆ. ಬಂಡೆ ಎಂದುಕೊಂಡಿದ್ದೇ ಬಾಗಿಲು! ನಾನೇ ಹುಡುಕಿದ ಜಾಗ ಅನ್ನೋ ಖುಷಿ ಬಾಣದ ಹಿಂದೆ ಹೋದಾಗ ನನಗೆ ಎಂದೂ ಸಿಕ್ಕಿಲ್ಲ. ಸ್ಕೈರಿಮ್‌ನಲ್ಲಿ ಎಷ್ಟೋ ಗುಹೆ ಹೊಕ್ಕಿದ್ದೇನೆ, ಅವುಗಳ ದಾರಿ ಒಂದೂ ನೆನಪಿಲ್ಲ.

ಹೊಡೆದಾಟ ಮಾತ್ರ ಇವತ್ತಿಗೂ ತಾಳ್ಮೆ ಬೇಡುತ್ತದೆ. ಕತ್ತಿ ಎದುರಾಳಿಗೆ ತಾಗಿದಂತೆ ಕಂಡರೂ ಏಟು ಬೀಳಬೇಕೆಂದಿಲ್ಲ. ಒಳಗೆ ದಾಳ ಉರುಳುತ್ತಿರುತ್ತದೆ. ನಿಮ್ಮ ಪಳಗಿಕೆ, ದಣಿವು ಎಲ್ಲ ಲೆಕ್ಕಕ್ಕೆ. ಓಡಿ ಸುಸ್ತಾಗಿ ಹೋಗಿ ಹೊಡೆದರೆ ಗಾಳಿಗೇ ಜಾಸ್ತಿ ಏಟು. ಇದನ್ನು ಮುಂದಿನ ಆಟಗಳಲ್ಲಿ ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಆದರೆ ಗಾಳಿಯಲ್ಲಿ ತೇಲುವ ಮಂತ್ರವನ್ನು ಯಾಕೆ ಕೈಬಿಟ್ಟರೋ! ಆಬ್ಲಿವಿಯನ್‌ನಲ್ಲಿ ದೊಡ್ಡ ಊರುಗಳನ್ನು ಗೋಡೆಯೊಳಗೆ ಬೇರೆಯೇ ಲೋಕ ಮಾಡಿಬಿಟ್ಟರು, ಹಾರಿ ಒಳಗಿಳಿಯುವಂತಿಲ್ಲ. ಮಾರೋವಿಂಡ್‌ನ ಟೆಲ್ವಾನಿ ಎಂಬ ಮನೆತನದ ಮಾಂತ್ರಿಕರು ಅಣಬೆ ಗೋಪುರಗಳಲ್ಲಿ ಇರುತ್ತಾರೆ. ಅವರ ಕೋಣೆಗೆ ಮೆಟ್ಟಿಲೇ ಇಲ್ಲ. ತೇಲಲು ಬಾರದವರು ನಮ್ಮನ್ನು ನೋಡಬೇಕಿಲ್ಲ ಎಂಬ ಜಂಬ ಅದು. ಒಂದು ಮನೆತನದ ಗುಣವನ್ನು ಮನೆ ಕಟ್ಟಿರುವ ರೀತಿಯಲ್ಲೇ ಹೇಳಿಬಿಟ್ಟಿದ್ದಾರೆ, ಅಲ್ವಾ?

ಈಗ ಅವರ ಸಡ್ರಿತ್ ಮೋರಾ ಊರಿಗೆ ಹೊರಟಿದ್ದೇನೆ. ತೇಲುವ ಮದ್ದು ಒಂದಿಷ್ಟು ಕೊಂಡಿದ್ದಾಗಿದೆ.